ಕಲ್ಲುಗ್ರಹಕ್ಕೆ ಮಂದಿ ಒದಗಿಸಿದ್ದು

ನಾನು ಮಾಡಿದ ಕೆಲಸಕ್ಕೆ ಇವತ್ತಿಗೂ ನೆಟ್ಟಗಿನ ಹೆಸರಿಲ್ಲ. ಸಿನಿಮಾದವರು ಏಜೆಂಟ್ ಅನ್ನುತ್ತಿದ್ದರು. ಗಂಗಾವತಿಯಲ್ಲಿ ‘ಮಂದಿ ಗವಿಸಿದ್ದಪ್ಪನ ಮನಿ ಎಲ್ಲೈತಿ’ ಎಂದು ಕೇಳಿದರೆ ಸಣ್ಣ ಹುಡುಗರೂ ಕೈ ತೋರಿಸುತ್ತಿದ್ದರು. ಹನುಮನಹಳ್ಳಿ, ಆನೆಗೊಂದಿಯ ಬಂಡೆಗಳ ನಡುವೆ ಯಾರೇ ಬಂದು ಕ್ಯಾಮೆರಾ ಇಟ್ಟರೂ ಅದರ ಮುಂದೆ ನಿಲ್ಲುವುದಕ್ಕೆ ಮಂದಿ ಬೇಕು. ರಾಜನ ಸೈನ್ಯ, ಸಂತೆಯ ಗದ್ದಲ, ಹೆಣದ ಸುತ್ತ ಅಳುವವರು, ಎಲ್ಲರನ್ನೂ ಟಂಟಂ ಗಾಡಿಗಳಲ್ಲಿ ತುಂಬಿಕೊಂಡು ತರುವವನು ನಾನು. ಮೊಣಕಾಲು ಇನ್ನು ಬಂಡೆ ಹತ್ತುವುದಿಲ್ಲ ಎಂದು ಹಟ ಹಿಡಿದ ಮೇಲೆ ಬಿಟ್ಟೆ. ಈಗ ಒಂದಿಷ್ಟು ಹುಡುಗರು ಈ ಕೆಲಸಕ್ಕೆ ಇಳಿದಿದ್ದಾರೆ. ‘ಕಾಕಾ, ನಮಗೂ ನಾಕ ಮಾತ ಹೇಳ್ರಿ’ ಎಂದು ಬರುತ್ತಾರೆ. ಹೇಳಲು ಶುರು ಮಾಡಿದರೆ ಮೊಬೈಲು ನೋಡುತ್ತಾರೆ. ಆದ್ದರಿಂದ ಬರೆದೇ ಕೊಡುತ್ತಿದ್ದೇನೆ, ಮೊಬೈಲಿನಲ್ಲೇ ಓದಿಕೊಳ್ಳಲಿ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬಡ್ತಿ ಇಲ್ಲ. ಮೊದಲ ದಿನ ಬಿಸಿಲಿನಲ್ಲಿ ನಿಂತು ಕೂಗುತ್ತೀರಿ, ಕೊನೆಯ ದಿನವೂ ಅದೇ. ಆದರೆ ನನಗೆ ಸಿಕ್ಕ ಒಂದು ಯೋಗ ಬೆಂಗಳೂರಿನ ಯಾವ ದೊಡ್ಡ ಏಜೆಂಟನಿಗೂ ಸಿಕ್ಕಿರಲಾರದು. ಒಂದೇ ಕಾದಂಬರಿಯನ್ನು ಮೂರು ಕಾಲದಲ್ಲಿ ಮೂರು ಮಂದಿ ಸಿನಿಮಾ ಮಾಡಿದರು, ಮೂವರೂ ನಮ್ಮ ಬಂಡೆಗಳಿಗೇ ಬಂದರು, ಮೂರಕ್ಕೂ ಮಂದಿ ಒದಗಿಸಿದವನು ನಾನೇ. ಯಾವ ಪಾತ್ರಕ್ಕೆ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಕಾದಂಬರಿಯ ಹೆಸರು ‘ಕಲ್ಲುಗ್ರಹ’. ವಿಜ್ಞಾನದ ಕಥೆ. ನಾನು ಅದನ್ನು ಎರಡನೇ ಸಿನಿಮಾ ಮುಗಿದ ಮೇಲೆ ಕೊಪ್ಪಳದ ಲೈಬ್ರರಿಯಲ್ಲಿ ಕುಳಿತು ಓದಿದೆ. ಒಬ್ಬ ಮುದಿ ವಿಜ್ಞಾನಿ ತನ್ನ ಶಿಷ್ಯನ ಜೊತೆ ಬರೀ ಕಲ್ಲುಗಳೇ ಇರುವ ಒಂದು ಗ್ರಹಕ್ಕೆ ಹೋಗಿ ಇಳಿಯುತ್ತಾನೆ. ಅವನಿಗೆ ಉದ್ದಕ್ಕೂ ಹೆದರಿಕೆ. ಅಲ್ಲಿಯ ಮಂದಿ ಕಲ್ಲಿನ ಸಂದಿಗಳಲ್ಲಿ ಬದುಕುವವರು, ಮಾತು ಕಮ್ಮಿ. ವಾಪಸು ಹೊರಡುವಾಗ ವಿಜ್ಞಾನಿ ಯಾರಿಗೂ ತಿಳಿಯದ ಹಾಗೆ ಒಂದು ಕಲ್ಲನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಆಗ ಆ ಮಂದಿಯ ಹಿರಿಯಳು ಅವನನ್ನು ಸುಮ್ಮನೆ ಒಮ್ಮೆ ನೋಡುತ್ತಾಳೆ. ಅವನು ಕಲ್ಲನ್ನು ಇದ್ದಲ್ಲಿಯೇ ಇಟ್ಟು ಹೋಗುತ್ತಾನೆ. ಇಷ್ಟೇ ಕಥೆ. ಆದರೆ ಆ ಒಂದು ನೋಟಕ್ಕಾಗಿ ಮೂರು ನಿರ್ದೇಶಕರು ಪಟ್ಟ ಫಜೀತಿ ಅಷ್ಟಿಷ್ಟಲ್ಲ.

ಮೊದಲನೆಯದು ಕನ್ನಡ ಸಿನಿಮಾ. ವಿಜ್ಞಾನಿಯ ಪಾತ್ರಕ್ಕೆ ನಾಟಕ ಕಂಪನಿಯ ಒಬ್ಬ ಹಳೆಯ ನಟರನ್ನು ಕರೆಸಿದ್ದರು. ಕಂಚಿನ ಕಂಠ. ಅವರು ‘ಯಾರಿದ್ದೀರಿ ಇಲ್ಲಿ?’ ಎಂದು ಕೇಳಿದರೆ ಗುಡ್ಡದ ಮೇಲಿನ ಮಂಗಗಳೆಲ್ಲ ಎದ್ದು ಓಡುತ್ತಿದ್ದವು. ಜೀವಮಾನವಿಡೀ ಪ್ರೇಕ್ಷಕರಿಗೆ ಬೆನ್ನು ತೋರಿಸದೆ ಬದುಕಿದವರು, ಪಾಪ. ಗ್ರಹದ ಮಂದಿ ಹಿಂದೆ ನಿಂತಿದ್ದರೂ ಅವರ ಜೊತೆಗಿನ ಮಾತೆಲ್ಲ ಕ್ಯಾಮೆರಾಕ್ಕೇ ಹೇಳುತ್ತಿದ್ದರು. ಹೊಟ್ಟೆ ಸ್ವಲ್ಪ ಮುಂದಿತ್ತು, ಹಾಗಾಗಿ ಬಾಹ್ಯಾಕಾಶದ ಬೆಳ್ಳಿ ಬಣ್ಣದ ಅಂಗಿ ಹಿಂದೆ ಕೂಡುತ್ತಿರಲಿಲ್ಲ. ಮಂಚದ ನವಾರ ಬಿಚ್ಚಿ ತಂದು ಬೆನ್ನಿಗೆ ಹೊಲಿದದ್ದು ನಮ್ಮ ಗಂಗಾವತಿಯ ದರ್ಜಿ. ಕಾದಂಬರಿಯ ವಿಜ್ಞಾನಿ ಹೆದರುವವನು, ಇವರನ್ನು ನೋಡಿದರೆ ಗ್ರಹವೇ ಹೆದರಬೇಕು. ಶಿಷ್ಯನಾದವನು ನಿರ್ಮಾಪಕರ ಅಕ್ಕನ ಮಗ. ಅವನ ಬಗ್ಗೆ ಹೇಳುವುದೇನಿಲ್ಲ, ಊಟ ಚೆನ್ನಾಗಿ ಮಾಡುತ್ತಿದ್ದ.

ಗ್ರಹದ ಮಂದಿಗೆ ಗೋಣಿಚೀಲದ ಮುಸುಕು ಎಂದು ತೀರ್ಮಾನವಾಯಿತು. ಕಣ್ಣಿಗೆ ಎರಡು ತೂತು, ಸೊಂಟಕ್ಕೆ ತುಂಡು ಗೋಣಿ, ಮುಗಿಯಿತು. ನಾನು ಯಲಬುರ್ಗಾ ಕಡೆ ಹೋಗಿ ತಳಕಲ್‌ನ ಎತ್ತರದ ಆಳುಗಳನ್ನೂ ಮಂಗಳೂರಿನ ಒಂದಿಷ್ಟು ಮಂದಿಯನ್ನೂ ತಂದೆ. ಮಂಗಳೂರು ಎಂದರೆ ಸಮುದ್ರ ನೆನಪಾಗುವವರಿಗೆ ಹೇಳುತ್ತೇನೆ, ಇದು ನಮ್ಮ ಮಂಗಳೂರು, ಇಲ್ಲಿ ಕೆರೆಯಷ್ಟೇ.

ನಿರ್ದೇಶಕರು ಸಾಲಾಗಿ ನಿಂತ ಗಂಡಸರನ್ನು ನೋಡುತ್ತ ಬಂದವರು ಒಮ್ಮೆಲೇ ಕೆಂಡವಾದರು. ‘ಭೂಮಿಯ ವಸ್ತು ಒಂದೂ ಮೈಮೇಲೆ ಇರಬಾರದು ಅಂದಿದ್ದೆನಲ್ಲ! ಸೊಂಟದಲ್ಲಿ ಅದೇನು ದಾರ?’ ಎಂದರು. ಉಡದಾರ. ಎಲ್ಲರ ಸೊಂಟದಲ್ಲೂ ಗೋಣಿಯ ಮೇಲಿನಿಂದ ಇಣುಕುತ್ತಿತ್ತು. ತೆಗೆಯಿರಿ ಎಂದರೆ ಯಾರೂ ಕೈ ಹಾಕಲಿಲ್ಲ. ತಳಕಲ್‌ನ ಹಿರಿಯನೊಬ್ಬ ಮುಸುಕಿನ ಒಳಗಿನಿಂದಲೇ ಹೇಳಿದ:

‘ಸಾಹೇಬ್ರ, ಗ್ರಹ ಯಾವುದಾರ ಇರ್ಲಿ, ಉಡದಾರ ಇಲ್ದ ಗಂಡಸು ನಿಂದ್ರಾಂಗಿಲ್ರಿ. ಬೇಕಂದ್ರ ಈ ಗೋಣಿ ತಗೀತೇವಿ.’

ಗೋಣಿ ತೆಗೆಯುವುದು ಬೇಡ ಎಂದು ನಾವೆಲ್ಲ ಕೂಡಿ ಕೂಗಿದೆವು. ಈಗಲೂ ಆ ಸಿನಿಮಾ ನೋಡಿದರೆ ಕಲ್ಲುಗ್ರಹದ ಗಂಡಸರಿಗೆಲ್ಲ ಉಡದಾರ ಉಂಟು. ಹುಡುಗರೇ, ಇದನ್ನು ನೆನಪಿಡಿ. ಮಂದಿಯನ್ನು ತರುವ ಮೊದಲು ಅವರು ಏನನ್ನು ಬಿಡಲಾರರು ಎಂದು ತಿಳಿದುಕೊಳ್ಳಬೇಕು, ಉಳಿದದ್ದನ್ನೆಲ್ಲ ಹೊಂದಿಸಬಹುದು.

ಆಮೇಲೆ ವಿಜ್ಞಾನಿ ಬಂದು ಇಳಿಯುವ ದೃಶ್ಯ. ಮಂದಿ ಕಲ್ಲಿನ ಹಾಗೆ ನಿಂತು ನೋಡಬೇಕು, ತುಟಿ ಬಿಚ್ಚಬಾರದು. ತಗಡಿನ ವಿಮಾನದಿಂದ ಆ ಹಿರಿಯ ನಟರು ಇಳಿದು ತೂರಾಡುತ್ತ ನಾಲ್ಕು ಹೆಜ್ಜೆ ಬಂದದ್ದೇ ತಡ, ಮಂಗಳೂರಿನವನೊಬ್ಬ ಮುಂದೆ ಬಂದು, ‘ಬರ್ರಿ ಬರ್ರಿ, ಯಾವೂರಾತ್ರಿ? ಬಿಸಲಾಗ ಬಂದೀರಿ, ನೀರ ಕೊಡ್ಲ್ಯಾ?’ ಎಂದುಬಿಟ್ಟ. ಮತ್ತೆ ತೆಗೆದರು. ಮತ್ತೊಬ್ಬ ಕೇಳಿದ. ಅವರ ತಪ್ಪೂ ಅಲ್ಲ. ಎದುರಿಗೆ ಬಂದ ಪರ ಊರಿನವನನ್ನು ಯಾವೂರು ಎಂದು ಕೇಳದೆ ಸುಮ್ಮನೆ ನೋಡುತ್ತ ನಿಲ್ಲುವುದು ನಮ್ಮ ಕಡೆ ಅವಮಾನ ಮಾಡಿದ ಹಾಗೆ. ಕೊನೆಗೆ ಆ ಸಾಲಿನವರ ಬಾಯಿಗೆಲ್ಲ ಎಲೆ ಅಡಿಕೆ ತುಂಬಿಸಿ ಚಿತ್ರೀಕರಣ ಮುಗಿಸಿದೆ.

ಹಿರಿಯಳ ಪಾತ್ರಕ್ಕೆ ಬೆಂಗಳೂರಿನ ದೊಡ್ಡ ನಟಿ. ಅಂಥವರ ಮುಖಕ್ಕೆ ಗೋಣಿ ಹಾಕುತ್ತಾರೆಯೇ? ಇಡೀ ಗ್ರಹದಲ್ಲಿ ಮುಖ ಇದ್ದದ್ದು ಅವರೊಬ್ಬರಿಗೇ. ಕಲ್ಲು ಕದ್ದ ವಿಜ್ಞಾನಿಯನ್ನು ನೋಡಬೇಕಾದ ಜಾಗದಲ್ಲಿ ಅವರು ಅತ್ತುಬಿಟ್ಟರು. ಕಣ್ಣೀರು ಛಲೋ ಬಂತು, ನೋಟ ಬರಲಿಲ್ಲ.

ಅವರ ಹಿಂದೆ ನಿಂತ ಗೋಣಿಗಳಲ್ಲಿ ಒಬ್ಬಳು ಹುಲಿಗೆಮ್ಮ. ಆಗಷ್ಟೇ ಲಗ್ನವಾಗಿ ಹನುಮನಹಳ್ಳಿಗೆ ಬಂದಿದ್ದಳು. ಗಂಡ ಯಮನೂರಪ್ಪ ಆಡು ಮೇಯಿಸುವವನು, ಮಹಾ ಕುಹಕಿ. ಸಿನಿಮಾ ಗಂಗಾವತಿಗೆ ಬಂದಾಗ ಹುಲಿಗೆಮ್ಮ ಹೊಸ ಸೀರೆ ಉಟ್ಟು, ಅವನನ್ನು ಎಳೆದುಕೊಂಡು ಥೇಟರಿಗೆ ಬಂದಳು. ನಾನೂ ಪಕ್ಕದಲ್ಲೇ ಇದ್ದೆ. ಆ ದೃಶ್ಯ ಬಂದ ಕೂಡಲೇ, ‘ನೋಡು, ನೋಡು, ಎಡಕ್ಕಿದ್ದಾಕಿ ನಾನ’ ಎಂದು ತೋರಿಸಿದಳು.

ಯಮನೂರಪ್ಪ ಕಣ್ಣು ಕಿರಿದು ಮಾಡಿ ನೋಡಿ, ‘ಚೀಲ ಕಾಣಸ್ತೈತಿ. ನೀ ಎಲ್ಲದೀ?’ ಎಂದ.

‘ಚೀಲದಾಗ ನಾ ಅದೀನಿ!’

‘ಚೀಲದಾಗ ಶೇಂಗಾ ಇರ್ತಾವ. ಊಟದ ಆಸೇಕ ಹೋಗಿ ಕುಂತು ಬಂದು, ಸಿನಿಮಾದಾಗ ಮಾಡೀನಿ ಅಂತಿ.’

ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಆದರೆ ಹುಲಿಗೆಮ್ಮನಿಗೆ ಅದು ನಗುವ ಮಾತಾಗಿರಲಿಲ್ಲ. ಹನುಮನಹಳ್ಳಿಯಲ್ಲಿ ಯಮನೂರಪ್ಪ ಇದನ್ನೇ ಹೇಳಿಕೊಂಡು ತಿರುಗಿದ. ಆಕೆ ನೀರಿಗೆ ಹೋದರೂ, ನಾಟಿಗೆ ಹೋದರೂ ಹೆಂಗಸರು ‘ಏನವಾ ಚೀಲದಾಕಿ’ ಎನ್ನತೊಡಗಿದರು. ಬರೀ ಚೇಷ್ಟೆಯಾಗಿದ್ದರೆ ಸಹಿಸುತ್ತಿದ್ದಳೋ ಏನೋ, ತನ್ನ ಗಂಡನೇ ತನ್ನನ್ನು ಸುಳ್ಳಿ ಎಂದನಲ್ಲ ಎಂಬುದು ಆಕೆಯನ್ನು ಚುಚ್ಚಿತ್ತು. ಒಮ್ಮೆ ನನ್ನನ್ನು ತಡೆದು ನಿಲ್ಲಿಸಿ ಹೇಳಿದಳು: ‘ಗವಿಯಣ್ಣಾರ, ನನಗ ಮತ್ತೇನೂ ಬ್ಯಾಡ್ರಿ. ಅಂವ ಒಮ್ಮಿ, ನಾಕ ಮಂದಿ ಮುಂದ, ಇಕಿ ನಮ್ಮಾಕಿ ಅಂತ ಬಾಯಿ ಬಿಟ್ಟು ಅನಬೇಕು. ಅಲ್ಲೀತನಾ ನಾ ಬಿಡಾಂಗಿಲ್ಲ.’ ಆ ಮಾತು ಕೇಳಿದಾಗಿನಿಂದ ಬಂಡೆಗಳಿಗೆ ಯಾವ ಸಿನಿಮಾ ಬಂದರೂ ನಾನು ಮೊದಲು ಹೇಳಿ ಕಳಿಸುತ್ತಿದ್ದುದು ಆಕೆಗೇ. ಎಲ್ಲದರಲ್ಲೂ ಆಕೆ ಕೊನೆಯ ಸಾಲಿನಲ್ಲೋ, ಹೊಗೆಯ ಹಿಂದೋ, ಆನೆಯ ಮರೆಯಲ್ಲೋ ಸಿಕ್ಕಿಕೊಳ್ಳುತ್ತಿದ್ದಳು.

ಎರಡನೇ ‘ಕಲ್ಲುಗ್ರಹ’ ಎಷ್ಟೋ ವರ್ಷಗಳ ಮೇಲೆ ತೆಲುಗಿನಲ್ಲಿ ಬಂತು. ನಮ್ಮ ಕಾಲುವೆ ಭಾಗದ ಕ್ಯಾಂಪುಗಳಲ್ಲಿ ಗದ್ದೆ ಮಾಡಲು ಬಂದು ನೆಲೆಸಿದ ತೆಲುಗರೇ ಇರುವುದರಿಂದ ಮಂದಿಗೇನೂ ಕಷ್ಟವಾಗಲಿಲ್ಲ. ಆದರೆ ಮುದಿ ವಿಜ್ಞಾನಿ ಇಲ್ಲಿ ತರುಣ ಹೀರೋ ಆಗಿದ್ದ, ಶಿಷ್ಯ ಹೀರೋಯಿನ್ ಆಗಿದ್ದಳು. ಗ್ರಹದಲ್ಲಿ ಗಾಳಿಯೇ ಇಲ್ಲ ಎಂದು ಕಥೆಯಲ್ಲಿದೆ, ಇವರು ದೊಡ್ಡ ದೊಡ್ಡ ಫ್ಯಾನು ಹಚ್ಚಿ ಸೀರೆ ಹಾರಿಸಿದರು. ಹೀರೋನ ಕೂದಲು ಮಾತ್ರ ಅಷ್ಟು ಗಾಳಿಗೂ ಅಲುಗಲಿಲ್ಲ. ಒಳ್ಳೆಯ ಮನುಷ್ಯ, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡ. ಆದರೆ ಕಲ್ಲುಗ್ರಹಕ್ಕೆ ಬಂದವನು ಒಂದು ಸಲವಾದರೂ ಕಲ್ಲನ್ನು ತಿರುಗಿ ನೋಡಬೇಕೋ ಬೇಡವೋ? ಮೊದಲಿನ ನಾಟಕದವರು ಹೆದರಲಿಲ್ಲ ನಿಜ, ಆದರೆ ಬಂಡೆಗಳ ಮುಂದೆ ನಿಂತಾಗ ಅವರ ಮುಖದಲ್ಲಿ ಗುಡಿಗೆ ಬಂದವರ ಗಾಂಭೀರ್ಯ ಇತ್ತು. ಆ ಲೆಕ್ಕದಲ್ಲಿ ನನ್ನ ಮತ ಅವರಿಗೇ.

ಹಿರಿಯಳನ್ನು ತೆಗೆದುಹಾಕಿ ಒಬ್ಬ ಖಳನಾಯಕನನ್ನು ಹಾಕಿದ್ದರು, ಹಂದಿಯ ಹಾಗೆ ಎರಡು ಕೋರೆ. ನೋಟ ಇರಬೇಕಾದ ಜಾಗದಲ್ಲಿ ಅವನು ಗರ್ಜಿಸಿದ, ಹೀರೋ ಒದ್ದ, ಬಂಡೆ ಸಿಡಿಯಿತು. ಥರ್ಮಾಕೋಲಿನ ಬಂಡೆ. ನಮ್ಮ ಬಂಡೆಗಳು ಒದೆತಕ್ಕೆ ಬಗ್ಗುವಂಥವಲ್ಲ.

ಈ ಸಲ ಮಂದಿಗೆ ಮುಸುಕಿಲ್ಲ, ಹಸಿರು ಬಣ್ಣ. ಮುಖ ಬಯಲಾಗಿರುತ್ತದೆ ಎಂದು ಹುಲಿಗೆಮ್ಮ ಹಿಗ್ಗಿದಳು, ಬಣ್ಣ ಹಚ್ಚಿಸಿಕೊಳ್ಳಲು ಎಲ್ಲರಿಗಿಂತ ಮುಂದೆ ನಿಂತಳು. ಆ ಬಣ್ಣ ಸೋಪಿಗೂ ಜಗ್ಗಲಿಲ್ಲ, ಸೀಮೆಎಣ್ಣೆಗೂ ಜಗ್ಗಲಿಲ್ಲ. ಸಂಜೆ ಆಕೆ ಹಟ್ಟಿಗೆ ಹೋದರೆ ಆಡುಗಳು ದಿಕ್ಕಾಪಾಲಾಗಿ ಓಡಿದವಂತೆ, ಅವನ್ನು ಹುಡುಕಿ ತರುವ ಉಸಾಬರಿ ಯಮನೂರಪ್ಪನಿಗೆ ಬಿತ್ತು. ಮರುದಿನ ಅವನು ನನ್ನ ಮುಂದೆ ಬಂದು, ‘ಸಿದ್ದಪ್ಪಣ್ಣ, ಹೇಣ್ತಿ ಒಯ್ದಿ, ಗಿಳಿ ಕಳಿಸಿದ್ಯಲ್ಲೋ’ ಎಂದು ಜಗಳ ತೆಗೆದ.

ಸಿನಿಮಾ ಬಂತು. ಹಸಿರು ಮಂದಿಯನ್ನೆಲ್ಲ ಆಕಾಶದಿಂದ ತೋರಿಸಿದ್ದರು, ಕ್ರೇನಿನ ಮೇಲಿಂದ. ಸಾವಿರಾರು ಹಸಿರು ತಲೆಗಳು ಗಾಳಿಗೆ ತೂಗುತ್ತಿದ್ದವು.

‘ಇದರಾಗ ಎಲ್ಲ್ಯರ ಅದೀನಿ’ ಎಂದಳು ಹುಲಿಗೆಮ್ಮ, ದನಿ ಆಗಲೇ ಬಿದ್ದುಹೋಗಿತ್ತು.

‘ಭತ್ತದ ಗದ್ದಿ ತೋರ್ಸಿ ನಾ ಅದೀನಿ ಅಂದ್ರ ಹೆಂಗ?’ ಎಂದ ಯಮನೂರಪ್ಪ. ಆ ಸಲ ನಾನು ನಗಲಿಲ್ಲ. ಆಕೆಯ ಮುಖ ನೋಡಲು ಆಗಲಿಲ್ಲ ನನಗೆ.

ಮೂರನೆಯದು ಈಚಿನದು, ನನ್ನ ಕೊನೆಯ ಕೆಲಸ. ಅಷ್ಟರಲ್ಲಿ ರೀತಿಯೇ ಬದಲಾಗಿತ್ತು. ಮುಂಚೆ ನಾನು ಸಂತೆಗೆ ಹೋಗಿ, ಹೋಟೆಲಿನಲ್ಲಿ ಕುಳಿತು, ಒಗ್ಗರಣಿ ಮಿರ್ಚಿ ತಿನ್ನುವವರ ಮುಖ ನೋಡಿಯೇ ಆಳು ಆರಿಸುತ್ತಿದ್ದೆ. ಓಡುವವರು ಬೇಕೆಂದರೆ ಯಾವ ಊರು, ದನಿ ತೆಗೆದು ಅಳುವವರು ಬೇಕೆಂದರೆ ಕುಷ್ಟಗಿಯ ಯಾವ ಓಣಿ ಎಂದು ಗೊತ್ತಿತ್ತು. ಈಗ ವಾಟ್ಸಾಪಿಗೆ ಫೋಟೋ ಕಳಿಸಿ ಎನ್ನುತ್ತಾರೆ. ಕಳಿಸಿದರೆ ಎಲ್ಲರೂ ಲಗ್ನದ ಫೋಟೋ ಕಳಿಸುತ್ತಾರೆ, ಬಂದು ಇಳಿದಾಗ ಅವರಪ್ಪ ಬಂದಿದ್ದಾನೇನೋ ಎನ್ನಿಸುತ್ತದೆ. ಹುಡುಗರೇ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಯಾರನ್ನೂ ಒಪ್ಪಿಕೊಳ್ಳಬೇಡಿ.

ನಿರ್ದೇಶಕಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂಗುವವಳಲ್ಲ. ನಾನು ಕಂಡ ದೊಡ್ಡವರಲ್ಲಿ ಮಂದಿಯ ಹೆಸರು ಕೇಳಿ ನೆನಪಿಟ್ಟುಕೊಂಡವಳು ಇವಳೊಬ್ಬಳೇ. ಈ ಸಿನಿಮಾದಲ್ಲಿ ಶಿಷ್ಯ ಮನುಷ್ಯನೇ ಅಲ್ಲ, ಯಂತ್ರದೊಳಗಿನ ಒಂದು ದನಿ. ಮೂವರು ಶಿಷ್ಯರಲ್ಲಿ ಚೆನ್ನಾಗಿ ಮಾಡಿದ್ದು ಅದೇ ಎಂದರೆ ಉಳಿದವರು ಬೇಸರ ಮಾಡಿಕೊಳ್ಳಬಾರದು. ವಿಜ್ಞಾನಿ ಇಲ್ಲಿ ಹೆಂಗಸು. ರಂಗಭೂಮಿಯಿಂದ ಬಂದ ಸಣಕಲು ನಟಿ. ಒಂದು ವಾರ ಮೊದಲೇ ಬಂದು ಬಂಡೆಗಳ ಮೇಲೆ ಓಡಾಡುತ್ತ ಹೆದರಿಕೆ ಅಭ್ಯಾಸ ಮಾಡುತ್ತಿದ್ದರು, ಅದು ಕೂಡಿಬಂದಿರಲಿಲ್ಲ. ಚಿತ್ರೀಕರಣದ ಮೊದಲ ದಿನ ಅಂಜನಾದ್ರಿ ಕಡೆಯಿಂದ ಒಂದು ಗಡವ ಮಂಗ ಬಂದು ಅವರ ಗಾಜಿನ ಟೊಪ್ಪಿಗೆಯನ್ನು ಕಿತ್ತುಕೊಂಡು ಹೋಯಿತು ನೋಡಿ, ಅಲ್ಲಿಂದ ಕೊನೆಯ ದಿನದವರೆಗೂ ಅವರು ಪ್ರತಿ ಬಂಡೆಯ ಹಿಂದೆ ಇಣುಕಿ ಇಣುಕಿ ನಡೆದರು. ಕಾದಂಬರಿಯಲ್ಲಿ ಬರೆದ ವಿಜ್ಞಾನಿ ಎಂದರೆ ಅವರೇ. ಮೂವರಲ್ಲಿ ಆ ಪಾತ್ರ ಗೆದ್ದವರು ಅವರು, ಅರ್ಧ ಪಾಲು ಮಂಗನಿಗೆ ಸೇರಬೇಕು.

ಹಿರಿಯಳ ಪಾತ್ರಕ್ಕೆ ಇಲ್ಲಿಯವರೇ ಬೇಕು ಎಂದಳು ನಿರ್ದೇಶಕಿ. ನಾನು ಎರಡನೇ ಹೆಸರು ಹೇಳಲಿಲ್ಲ. ಹುಲಿಗೆಮ್ಮನ ತಲೆ ಅಷ್ಟೊತ್ತಿಗೆ ಬೆಳ್ಳಗಾಗಿತ್ತು, ಮೊಮ್ಮಕ್ಕಳಿದ್ದವು. ಹೇಳಿಕಳಿಸಿದ ಕೂಡಲೇ ಕುಡುಗೋಲು ಹಿಡಿದುಕೊಂಡೇ ಬಂದಳು. ನಿರ್ದೇಶಕಿ ಮಾತಾಡಿಸಿ, ನಡೆಸಿ ನೋಡಿ ಒಪ್ಪಿದಳು. ಆಮೇಲೆ ಕಂಪ್ಯೂಟರ್ ಕೆಲಸದ ಹುಡುಗರು ಬಂದು ಹುಲಿಗೆಮ್ಮನ ಮುಖದ ತುಂಬ ಕರಿ ಚುಕ್ಕೆ ಇಟ್ಟರು, ತಲೆಗೊಂದು ಪಟ್ಟಿ ಕಟ್ಟಿ ಅದರ ಕಡ್ಡಿಯ ತುದಿಯಲ್ಲಿ ಮೂಗಿನ ಮುಂದೆಯೇ ಪುಟ್ಟ ಕ್ಯಾಮೆರಾ ತೂಗುಬಿಟ್ಟರು.

‘ಗವಿಯಣ್ಣಾರ, ಈ ಸಲ ಮಾರಿ ಕಾಣಸ್ತೈತಿಲ್ರಿ?’ ಎಂದು ಕೇಳಿದಳು.

ನಾನು ವಿಚಾರಿಸಿಕೊಂಡಿದ್ದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ‘ಇಲ್ಲವಾ ತಂಗಿ. ಇದರ ಮ್ಯಾಲ ಕಂಪ್ಯೂಟರ್‌ನಾಗ ಕಲ್ಲಿನ ಮಾರಿ ಹಚ್ಚತಾರಂತ’ ಎಂದೆ.

ಹುಲಿಗೆಮ್ಮ ತಲೆಯ ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟಳು. ‘ಹಂಗಾರ ನಾ ಯಾಕ್ರಿ? ಅಲ್ಲೊಂದು ಕಲ್ಲ ನಿಂದರಸ್ರಿ. ಇಷ್ಟ ವರ್ಷ ಅಂವ ಅಂದದ್ದ ಖರೆ ಆತು. ನಾ ಯಾವುದರಾಗೂ ಇಲ್ಲ’ ಎಂದು ಹೊರಟೇಬಿಟ್ಟಳು. ನಾನು ಆಕೆಯ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ನಿರ್ದೇಶಕಿ ಓಡಿ ಹೋಗಿ ಆಕೆಯ ಕೈ ಹಿಡಿದಳು. ‘ಅಜ್ಜಿ, ಚರ್ಮ ಕಂಪ್ಯೂಟರಿನದು, ಅದು ಮಿಸುಕುವುದು ನಿಮ್ಮ ಹಾಗೆ. ನೀವು ಹುಬ್ಬು ಎತ್ತಿದರೆ ಅದೂ ಎತ್ತುತ್ತದೆ. ನಿಮ್ಮನ್ನು ಬಲ್ಲವರು ಗುರುತು ಹಿಡಿದೇ ಹಿಡಿಯುತ್ತಾರೆ’ ಎಂದಳು. ಹುಲಿಗೆಮ್ಮನಿಗೆ ನಂಬಿಕೆ ಬರಲಿಲ್ಲ. ಆದರೂ ಆ ಹುಡುಗಿ ಕೈ ಬಿಡದೆ ನಿಂತದ್ದು ನೋಡಿ, ‘ಕೂಸು ಇಷ್ಟ ಕೇಳಾಕತ್ತೈತಿ’ ಎಂದು ತಿರುಗಿ ಬಂದಳು.

ಆ ನೋಟದ ದೃಶ್ಯ ಮುಂಜಾನೆಯಿಂದ ಆಗಲಿಲ್ಲ. ಸಣಕಲು ನಟಿ ಕಲ್ಲನ್ನು ಜೇಬಿಗೆ ಹಾಕುತ್ತಾರೆ, ಹುಲಿಗೆಮ್ಮ ಮರುಗುತ್ತ ನೋಡುತ್ತಾಳೆ. ‘ಸಿಟ್ಟು ಬೇಕಜ್ಜಿ’ ಎಂದರೆ, ‘ಹೆಂಗ ಬರ್ತೈತಿ ಮೇಡಮ್ಮಾರ? ಪಾಪ, ಎಲುಬು ಎದ್ದಾವ ಆಕೀವು. ಕಲ್ಲ ಒಯ್ಲಿ ಬಿಡ್ರಿ, ನಮ್ಮಲ್ಲೇನು ಕಮ್ಮಿ ಅದಾವ?’ ಎನ್ನುತ್ತಾಳೆ.

ಊಟದ ಹೊತ್ತಾಗುತ್ತ ಬಂದಿತ್ತು. ನಟಿಯ ಹಿಂದೆ ಒಂದು ಬಂಡೆಯ ನೆರಳಲ್ಲಿ ಅಡುಗೆಯವರು ಮಿರ್ಚಿ ಬಜ್ಜಿಯ ಪರಾತ ಇಳಿಸಿ ಹೋಗಿದ್ದರು. ಬಂಡೆಯ ಮರೆಯಿಂದ ಯಮನೂರಪ್ಪ ಬಂದ. ಆ ಹೊತ್ತಿನಲ್ಲಿ ಅವನು ಹೊಳೆದಂಡೆಯಲ್ಲಿ ಆಡು ಕಾಯುತ್ತಿರಬೇಕಿತ್ತು. ಅತ್ತ ಇತ್ತ ನೋಡಿ, ಮೆಲ್ಲಗೆ ಕೈ ಚಾಚಿ ಒಂದು ಮಿರ್ಚಿ ಎತ್ತಿ ಅಂಗಿಯ ಜೇಬಿಗೆ ಇಳಿಸಿದ. ಇತ್ತ ಕ್ಯಾಮೆರಾ ಓಡುತ್ತಿತ್ತು.

ಹುಲಿಗೆಮ್ಮನ ಗದ್ದ ಸ್ವಲ್ಪ ಮೇಲೆದ್ದಿತು. ಒಂದು ಕಣ್ಣು ಕಿರಿದಾಯಿತು. ಕೆಳತುಟಿ ಒಳಗೆ ಹೋಯಿತು. ಮೂಗಿನಿಂದ ಒಂದು ಉಸಿರು ಬಿಟ್ಟಳು, ಅಷ್ಟೇ. ಕ್ಯಾಮೆರಾ ಹಿಡಿದವನು ಒಂದು ಹೆಜ್ಜೆ ಹಿಂದೆ ಸರಿದ. ನಟಿ ತಾವಾಗಿಯೇ ಕಲ್ಲು ತೆಗೆದು ನೆಲಕ್ಕಿಟ್ಟರು. ಅತ್ತ ಯಮನೂರಪ್ಪ ಮಿರ್ಚಿಯನ್ನು ಪರಾತಕ್ಕೆ ವಾಪಸು ಹಾಕಿ, ಟವೆಲ್ ಕೊಡವಿ, ಆಡಿನ ಕಡೆ ದೌಡಾಯಿಸಿದ. ನಿರ್ದೇಶಕಿ ಕುಣಿದಳು. ಅವಳಿಗೆ ನಟಿಯಷ್ಟೇ ಕಂಡಿದ್ದರು, ನನಗೆ ಇಬ್ಬರೂ ಕಂಡಿದ್ದರು. ನಾನು ಬಾಯಿ ಬಿಡಲಿಲ್ಲ.

ಸಿನಿಮಾ ಗಂಗಾವತಿಗೆ ಬಂದಾಗ ಇಬ್ಬರನ್ನೂ ಕರೆದುಕೊಂಡು ಹೋದೆ. ಹುಲಿಗೆಮ್ಮ ಬರುವುದಿಲ್ಲ ಎಂದು ಹಟ ಹಿಡಿದಿದ್ದಳು, ಹೊಸ ಸೀರೆ ಉಡಲಿಲ್ಲ. ಹನುಮನಹಳ್ಳಿಯ ಅರ್ಧ ಊರೇ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿತ್ತು. ಯಮನೂರಪ್ಪ ಹುರಿದ ಶೇಂಗಾದ ಪೊಟ್ಟಣ ಬಿಚ್ಚಿಕೊಂಡು, ‘ಈ ಸಲ ಚೀಲ ಏನು, ಗದ್ದಿ ಏನು?’ ಎಂದು ಶುರು ಮಾಡಿದ. ಆಕೆ ಸೆರಗು ಹೊದ್ದು ಕುಳಿತಳು.

ಹಿರಿಯಳು ಪರದೆಯ ಮೇಲೆ ಬಂದಳು. ಮೂಗಿಲ್ಲ, ಕೂದಲಿಲ್ಲ, ಚರ್ಮ ಬಿರುಕು ಬಿಟ್ಟ ಬಂಡೆ, ಕಣ್ಣು ಮುಷ್ಟಿಯಷ್ಟು. ಹುಲಿಗೆಮ್ಮ ತಲೆ ತಗ್ಗಿಸಿಬಿಟ್ಟಳು. ಯಮನೂರಪ್ಪ ‘ಅಬಬಬಾ, ಏನ ದೆವ್ವಪಾ ಇದು’ ಎಂದು ಶೇಂಗಾ ಬಾಯಿಗೆ ಹಾಕಿಕೊಂಡ. ವಿಜ್ಞಾನಿ ಹೊರಡುವ ಹೊತ್ತಾಯಿತು. ಕಲ್ಲು ಜೇಬಿಗೆ ಹೋಯಿತು. ಪರದೆಯ ತುಂಬ ಆ ಕಲ್ಲಿನ ಮುಖ. ಗದ್ದ ಸ್ವಲ್ಪ ಮೇಲೆದ್ದಿತು. ಒಂದು ಕಣ್ಣು ಕಿರಿದಾಯಿತು.

ಯಮನೂರಪ್ಪ ಧಡಕ್ಕನೆ ಎದ್ದು ನಿಂತ. ತೊಡೆಯ ಮೇಲಿನ ಶೇಂಗಾ ನೆಲದ ಪಾಲಾದವು. ‘ಏಯ್! ಇಕಿ ನಮ್ಮಾಕಿ! ನಮ್ಮ ಹುಲಿಗೆವ್ವ ಅದಾಳಲೇ!’ ಎಂದು ಇಡೀ ಥೇಟರಿಗೆ ಕೇಳುವ ಹಾಗೆ ಕೂಗಿದ.

ಹಿಂದಿನ ಸಾಲಿನಿಂದ, ‘ಕಾಕಾ, ಪರದೆ ಕಾಣವಲ್ದು, ಕುಂದರೋ!’ ಎಂದು ಒದರಿದರು.

ಅವನು ಅವರ ಕಡೆ ತಿರುಗಿ, ಕೈ ಮುಗಿದೇ ಹೇಳಿದ: ‘ಹೆಂಗ ಕುಂದರ್ಲ್ಯೋ ಯಪ್ಪಾ? ಆಕಿ ಹಿಂಗ ನೋಡಿದ್ರ ನಾ ಲಗ್ನ ಆದಾಗಿಂದ ಒಮ್ಮೀನೂ ಕುಂತಿಲ್ಲ!’

ಥೇಟರು ನಗುವಿನಲ್ಲಿ ಮುಳುಗಿತು. ಶಿಳ್ಳೆ ಬಿದ್ದವು. ‘ಹುಲಿಗೆವ್ವಾ, ಎದ್ದ ನಿಂದ್ರವಾ’ ಎಂದು ಹೆಂಗಸರು ಕೂಗಿದರು. ನನ್ನ ಕಣ್ಣು ಮಂಜಾಗಿ ಪರದೆಯ ಮೇಲಿನದೇನೂ ಕಾಣಲಿಲ್ಲ. ಹುಲಿಗೆಮ್ಮ ಪರದೆಯತ್ತ ನೋಡಲೇ ಇಲ್ಲ. ನಿಂತೇ ಇದ್ದ ಗಂಡನನ್ನು ನೋಡುತ್ತ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ನನ್ನ ತೋಳು ಅಲುಗಿಸಿ ಕೇಳಿದಳು:

‘ಕೇಳಿದ್ರಿಲ್ರಿ ಗವಿಯಣ್ಣಾರ? ಅಂದ ನೋಡ್ರಿ.’